ಅಜ್ಜಾರ ಕುರ್ಚಿ ಮತ್ತು ಶೇಂಗವ್ವನ ಉಗುರು

ಇಂದು ಮುಂಜಾನೆ ಪಡಸಾಲೆ ಗುಡಿಸುವಾಗ ಅತ್ತೆಯ ಮಂಚದ ಕೆಳಗಿನಿಂದ ಕಸಬರಿಗೆಗೆ ಒಂದು ಸಣ್ಣ ಸಿಪ್ಪೆ ಬಂತು. ಅಕ್ಕಿ ಕಾಳಿಗಿಂತ ತುಸು ದೊಡ್ಡದು, ಬಾಗಿದ್ದು, ಬೆಳಕಿಗೆ ಹಿಡಿದರೆ ಆಚೆಗಿನದು ಕಾಣುವಷ್ಟು ತೆಳು. ತಿಳಿಯದವರು ಜೋಳದ ಹೊಟ್ಟು ಎಂದು ಗುಡಿಸಿ ಹಾಕುತ್ತಾರೆ. ನಾನು ಬಗ್ಗಿ ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡಿದೆ. ಅದು ಬೆಕ್ಕಿನ ಉಗುರಿನ ಪೊರೆ. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ನೀವೂ ನೋಡಿರುತ್ತೀರಿ. ಅದರ ಉಗುರು ಉಳ್ಳಾಗಡ್ಡಿಯ ಹಾಗೆ. ಮೇಲಿನ ಸಿಪ್ಪೆ ಕಳಚಬೇಕು, ಒಳಗಿನಿಂದ ಹೊಸದು ಬರಬೇಕು. ಹಾಗೆ ಕಳಚಿಕೊಳ್ಳಲಿಕ್ಕೆಂದೇ ಅದು ಪರಚುವುದು. ಇಷ್ಟು ಸಣ್ಣ ಮಾತು ತಿಳಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ನೆನೆದರೆ ಈಗಲೂ ನಗು ಬರುತ್ತದೆ, ಜೊತೆಗೆ ಸ್ವಲ್ಪ ಹೆಮ್ಮೆಯೂ.

ಸ್ವಲ್ಪ ಎಂದೆನಲ್ಲ, ಅದು ಸುಳ್ಳು. ಬಹಳ ಹೆಮ್ಮೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಶಿವನು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಅವನಿಗೇ ನೆನಪು ಮಾಡಿಕೊಡುವುದು ನನ್ನ ರೂಢಿ. ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಅತ್ತೆಯ ಮೊಣಕಾಲು ಇವತ್ತು ಅಷ್ಟು ನೋಯಲಿಲ್ಲ. ಇವೆಲ್ಲ ಅವನದೇ ಕೆಲಸ, ನನ್ನದೇನೂ ಇಲ್ಲ. ಆದರೆ ಬೆಕ್ಕಿನ ವಿಷಯ ಬಂದಾಗ ಮಾತ್ರ, 'ಇದರಾಗ ನಂದೂ ಒಂದಿಷ್ಟು ಐತೆಪ್ಪಾ' ಎಂದು ಮೆಲ್ಲಗೆ ಹೇಳಿಯೇ ಕೈ ಮುಗಿಯುತ್ತೇನೆ. ಅವನೂ ಇಷ್ಟು ವರ್ಷ ಸಿಟ್ಟಾಗಿಲ್ಲ.

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಾಗವಾನಿ ಕುರ್ಚಿ ಇದೆ. ಅದಕ್ಕೆ ಅಜ್ಜಾರ ಕುರ್ಚಿ ಎಂದು ಹೆಸರು. ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎನ್ನುತ್ತೇವೆ. ಅವರು ಪಾದಪೂಜೆಗೆ ಬಂದಾಗ ಕೂರಲೆಂದು ನಮ್ಮ ಮಾವನವರು ಬಡಿಗರನ್ನು ಮನೆಗೇ ಕರೆಸಿ, ಎದುರಿಗೆ ಕೂತು ಮಾಡಿಸಿದ್ದು. ಬೆನ್ನಿಗೆ ಕಮಲದ ಕೆತ್ತನೆ, ಕಾಲುಗಳಿಗೆ ಸಿಂಹದ ಪಂಜ. ಅಜ್ಜಾರು ಬರುವುದು ಶ್ರಾವಣದಲ್ಲೊಮ್ಮೆ. ಉಳಿದ ದಿನವೆಲ್ಲ ಅದರ ಮೇಲೊಂದು ಬಿಳಿ ಬಟ್ಟೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ದಿನವೂ ಸ್ನಾನ ಮಾಡಿ ಬಂದು ಆ ಕುರ್ಚಿಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮನೆಗೆ ಎಂಥ ದೊಡ್ಡವರು ಬಂದರೂ ಅವರಿಗೆ ಪ್ಲಾಸ್ಟಿಕ್ ಕುರ್ಚಿಯೇ.

ಬೆಕ್ಕು ಬಂದದ್ದು ನನ್ನ ತವರೂರು ಶಿಗ್ಲಿಯಿಂದ. ತಂದದ್ದಲ್ಲ, ಅದೇ ಬಂದದ್ದು. ತವರಿನ ಹೊಲದ ಶೇಂಗಾ ಒಂದು ಚೀಲ ಪ್ರತಿವರ್ಷ ನಮಗೆ ಬರುತ್ತದೆ. ಆ ವರ್ಷ ಚೀಲ ಬಿಚ್ಚಿದರೆ ಬಾಯಿಯ ಹತ್ತಿರವೇ ಶೇಂಗಾ ಸಿಪ್ಪೆಯ ಬಣ್ಣದ ಒಂದು ಮುದ್ದೆ ಮಲಗಿತ್ತು. ಮಗಳು ಅದಕ್ಕೆ ಅಲ್ಲೇ ಶೇಂಗವ್ವ ಎಂದು ಹೆಸರಿಟ್ಟಳು. ಅಟ್ಟದ ಇಲಿಗಳು ದೇವರ ಬತ್ತಿಯನ್ನೂ ಬಿಡದೆ ಎಳೆದೊಯ್ಯುತ್ತಿದ್ದ ಕಾಲ. ಹಾಗಾಗಿ ಅತ್ತೆ ಬೇಡ ಎನ್ನಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಲೆಕ್ಕ ಶುರುವಾಯಿತು. ಬೆಕ್ಕು ಇಲಿ ಹಿಡಿದರೆ ಅದು ಮನೆಯ ಬೆಕ್ಕು. ಹಾಲಿಗೆ ಬಾಯಿ ಹಾಕಿದರೆ, "ನೋಡವಾ, ನಿನ್ನ ತವರುಮನಿ ಬೆಕ್ಕು ಏನ ಮಾಡೇತಿ." ಶಿಗ್ಲಿ ಎನ್ನುವ ಊರಿನ ಮಾನವೆಲ್ಲ ಆ ಮರಿಯ ನಾಲ್ಕು ಪಾದಗಳ ಮೇಲೆ ನಿಂತಿತ್ತು.

ಆ ಪಾದಗಳು ಹೋಗಿ ಹೋಗಿ ಅಜ್ಜಾರ ಕುರ್ಚಿಯನ್ನೇ ಹಿಡಿದವು. ಮನೆಯಲ್ಲಿ ಬಾಗಿಲಿತ್ತು, ಕಂಬವಿತ್ತು, ಹಿತ್ತಲಲ್ಲಿ ನುಗ್ಗೆ ಗಿಡವಿತ್ತು. ಅದಕ್ಕೆ ಬೇಕಾದದ್ದು ಸಿಂಹದ ಪಂಜದ ಮೇಲಿನ ಆ ಒಂದು ಗೇಣು ಸಾಗವಾನಿ. ಹಿಂಗಾಲಿನ ಮೇಲೆ ನಿಂತು, ಮೈ ಉದ್ದ ಮಾಡಿ, ಕಣ್ಣು ಅರ್ಧ ಮುಚ್ಚಿ, ಕರ್‌ ಕರ್‌ ಎಂದು ಎಳೆಯುತ್ತಿತ್ತು. ಅತ್ತೆ ನೋಡಿದ ದಿನ ಗದ್ದಲ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಕುರ್ಚಿಯ ಗೆರೆಗಳ ಮೇಲೆ ಬೆರಳಾಡಿಸಿ, ಮಗನನ್ನು ಕರೆದು ಹೇಳಿದರು:

"ಶ್ರಾವಣಕ್ಕ ಅಜ್ಜಾರು ಬರ್ತಾರು. ಅವರು ಬರೂದ್ರೊಳಗ ಇದು ಕುರ್ಚಿ ಬಿಡಬೇಕು, ಇಲ್ಲಾ ಮನಿ ಬಿಡಬೇಕು. ಆಗಲಿಲ್ಲಂದ್ರ ಚೀಲದಾಗ ಹಾಕ್ಕೊಂಡು ಹೋಗಿ ನಾಗಾವಿ ಗುಡ್ಡಕ್ಕ ಬಿಟ್ಟು ಬಾ."

ನಮ್ಮ ಮನೆಯವರು "ಹೂಂ" ಎಂದರು. ಅವರು ತಾಯಿಗೂ ಹೂಂ, ನನಗೂ ಹೂಂ. ಆದರೆ ಅಂದು ಊಟಕ್ಕೆ ಕೂತಾಗ ತುಪ್ಪದ ಕೈಯನ್ನು ಮಣೆಯ ಹಿಂದಕ್ಕೆ ಚಾಚಿದ್ದನ್ನು ನಾನು ನೋಡಿದೆ. ಅಲ್ಲಿ ಶೇಂಗವ್ವ ಬೆರಳು ನೆಕ್ಕುತ್ತಿತ್ತು. ನಾಗಾವಿ ನಮಗೆ ದೂರವೇನಲ್ಲ, ಮಗಳು ದಿನಾ ಅಲ್ಲಿಯ ವಿಶ್ವವಿದ್ಯಾಲಯಕ್ಕೇ ಓದಲು ಹೋಗುತ್ತಿದ್ದಳು. ಆದರೆ ಮನೆಯ ಹಾಲು ಕುಡಿದು ಬೆಳೆದ ಬೆಕ್ಕಿಗೆ ಗುಡ್ಡ ಎಂದರೆ ನಾಯಿಗಳ ಬಾಯಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅದು ಕುರ್ಚಿಗೆ ಉಗುರು ಹಾಕಿದ ಕೂಡಲೇ ಒಬ್ಬರು ಕಸಬರಿಗೆ ಹಿಡಿದು, ಇನ್ನೊಬ್ಬರು ಸೌಟು ಹಿಡಿದು ಓಡಿ ಬರುತ್ತಿದ್ದೆವು. ಅದರಿಂದ ಶೇಂಗವ್ವ ಒಂದು ಪಾಠ ಕಲಿಯಿತು: ಮನೆಯವರೆಲ್ಲ ಒಟ್ಟಿಗೆ ಓಡಿ ಬರಬೇಕೆಂದರೆ ಕುರ್ಚಿ ಪರಚಬೇಕು. ಊಟ ತಡವಾದರೆ ಸಾಕು, ಕುರ್ಚಿಯ ಹತ್ತಿರ ಹೋಗಿ ಒಂದು ಕಾಲೆತ್ತಿ, ತಿರುಗಿ ನಮ್ಮ ಮುಖ ನೋಡುತ್ತಿತ್ತು.

ಎರಡನೆಯದು ಅತ್ತೆಯ ಉಪಾಯ. "ಖಾರ ಹಚ್ಚು. ಮೂಗಿಗೆ ಬಡದ್ರ ಹತ್ರ ಬರಂಗಿಲ್ಲ" ಎಂದರು. ನನಗೆ ಮನಸ್ಸಿರಲಿಲ್ಲ, ಪಾದ ನೆಕ್ಕಿಕೊಳ್ಳುವ ಪ್ರಾಣಿ ಅದು. ಆದರೂ ಹಿರಿಯರ ಮಾತು ಮೀರಲಾಗದೆ ಮೆಣಸಿನಕಾಯಿ ಅರೆದು ಕುರ್ಚಿಯ ಕಾಲಿಗೆ ತೆಳ್ಳಗೆ ಸವರಿದೆ. ಮರುದಿನ ಸೋಮವಾರ. ಅತ್ತೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮಂತ್ರ ಹೇಳಿಕೊಳ್ಳುತ್ತ ಬಂದವರು ರೂಢಿಯಂತೆ ಬಗ್ಗಿ ಕುರ್ಚಿಯ ಕಾಲು ಮುಟ್ಟಿ ಎರಡೂ ಕಣ್ಣಿಗೆ ಚೆನ್ನಾಗಿ ಒತ್ತಿಕೊಂಡರು.

ಆಮೇಲಿನದನ್ನು ನಾನು ವಿವರಿಸುವುದಿಲ್ಲ. ನಳದ ನೀರು, ಹಾಲು, ಕೊನೆಗೆ ತುಪ್ಪ, ಎಲ್ಲ ಮುಗಿದ ಮೇಲೆ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದಲ್ಲಿಂದಲೇ ಅತ್ತೆ ಹೇಳಿದರು, "ನಿನ್ನ ತವರುಮನಿ ಬೆಕ್ಕು ನನ್ನ ಕಣ್ಣು ಕಳೀತು."

"ಖಾರ ಹಚ್ಚು ಅಂದಾವ್ರು ನೀವ್ರಿ ಅತ್ತಿ."

"ಹಚ್ಚು ಅಂದೆ. ಅಷ್ಟು ತೀಕ್ಷ್ಣ ಅರಿ ಅಂದೆನೇನು?"

ಶೇಂಗವ್ವ ಆ ಕಾಲಿನ ಹತ್ತಿರ ಸುಳಿದೇ ಇರಲಿಲ್ಲ. ಹಿಂದಿನ ಇನ್ನೊಂದು ಕಾಲು ಖಾಲಿ ಇತ್ತಲ್ಲ, ಅಲ್ಲಿ ತನ್ನ ಕೆಲಸ ಮುಗಿಸಿತ್ತು. ಅದರ ಬಾಯಿಗೆ ಖಾರ ತಗಲಲಿಲ್ಲ ಎನ್ನುವುದನ್ನು ಅಂದು ಸಂಜೆ ದೀಪದ ಮುಂದೆ ಮೊದಲು ಹೇಳಿದೆ, ಅತ್ತೆಯ ಕಣ್ಣು ಉಳಿದದ್ದನ್ನು ಆಮೇಲೆ. ಇದನ್ನು ಅವರಿಗೆ ಹೇಳಬೇಡಿ.

ಮೂರನೆಯದು ನನ್ನದೇ ಜಾಣತನ. ಕುರ್ಚಿಯ ಕಾಲುಗಳಿಗೆ ಹಳೆಯ ಗೋಣಿಚೀಲ ಸುತ್ತಿ ಹೊಲಿದುಬಿಟ್ಟೆ. ಮರ ಕಾಣದಿದ್ದರೆ ಮರ ಮರೆಯುತ್ತದೆ ಎಂದು ನನ್ನ ಲೆಕ್ಕ. ಶೇಂಗವ್ವ ಬಂತು, ಮೂಸಿತು, ಆ ದಿನ ಅದಕ್ಕೆ ಹಬ್ಬವಾಯಿತು. ಗೋಣಿಯ ಎಳೆ ಎಳೆ ಬಿಚ್ಚಿ ಪಡಸಾಲೆ ತುಂಬ ಹರಡಿತು. ಅತ್ತೆ ಅಟ್ಟದ ಮೇಲೆ ಖಾಲಿ ಚೀಲ ಎಲ್ಲಿದೆ ಎಂದಷ್ಟೇ ಮಗನನ್ನು ಕೇಳಿದರು. ನಾಗಾವಿಯ ಚೀಲ ಅದು. ಶ್ರಾವಣ ಹತ್ತಿರ ಬಂದಿತ್ತು.

ಆ ಮಧ್ಯಾಹ್ನ ಎಳೆಗಳನ್ನು ಆಯುತ್ತ ಕೂತಾಗ ನನಗೆ ಮೊದಲ ಸಲ ಬುದ್ಧಿ ಹೊಳೆಯಿತು. ಇಷ್ಟು ದಿನ ಪರಚಬೇಡ ಎಂದು ಹೇಳುತ್ತಿದ್ದೆವು. ಎಲ್ಲಿ ಪರಚಲಿ ಎಂದು ಅದು ಕೇಳುತ್ತಿತ್ತು, ನಾವು ಉತ್ತರವನ್ನೇ ಕೊಟ್ಟಿರಲಿಲ್ಲ. ಅಂದಿನಿಂದ ಕಸಬರಿಗೆ ಕೆಳಗಿಟ್ಟು ಬೆಕ್ಕನ್ನು ನೋಡತೊಡಗಿದೆ. ರೊಟ್ಟಿ ಬಡಿಯುತ್ತ ನೋಡಿದೆ, ಜೋಳ ಹಸನು ಮಾಡುತ್ತ ನೋಡಿದೆ. ಅದು ಪರಚುವುದು ಹೆಚ್ಚಾಗಿ ಮಲಗಿ ಎದ್ದಾಗ, ನಾವು ಮೈ ಮುರಿಯುವ ಹಾಗೆ. ಅದಕ್ಕೆ ತನ್ನ ಮೈಯಷ್ಟು ಎತ್ತರ ಬೇಕು. ಜಗ್ಗಿದರೆ ಅಲುಗಬಾರದು. ಪ್ಲಾಸ್ಟಿಕ್ ಕುರ್ಚಿಯನ್ನು ಒಂದೇ ಸಲ ಮುಟ್ಟಿ ಬಿಟ್ಟದ್ದು ಅದಕ್ಕೇ. ನಯವಾದದ್ದಕ್ಕಿಂತ ಒರಟು ಅದಕ್ಕೆ ಇಷ್ಟ. ನಮ್ಮ ಮನೆಗೆ ಬಂದದ್ದೇ ಗೋಣಿಚೀಲದಲ್ಲಲ್ಲವೇ.

ಅಟ್ಟ ಹತ್ತಿ ಹುಡುಕಿದಾಗ ಕಂಡದ್ದು ಒನಕೆ. ಗಿರಣಿ ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ತವರಿನ ಹೊಲದಿಂದ ಪುಂಡಿಯ ನಾರು ತರಿಸಿದೆ. ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ, ಆ ಗಿಡದಲ್ಲಿ ಬಿಸಾಕುವುದು ಏನೂ ಇಲ್ಲ. ಹಗ್ಗ ಹೊಸೆಯುವುದು ನನಗೆ ತವರಿನಲ್ಲಿ ಬಂದ ವಿದ್ಯೆ, ಬೆಟಗೇರಿಗೆ ಬಂದ ಮೇಲೆ ಅದಕ್ಕೆ ಕೆಲಸವೇ ಇರಲಿಲ್ಲ. ಹಿತ್ತಲಲ್ಲಿ ಕೂತು ಹೊಸೆದೆ. ಕೈ ಮರೆತಿರಲಿಲ್ಲ. ಒನಕೆಯ ಬುಡದಿಂದ ಶುರುಮಾಡಿ, ಒಂದು ಸುತ್ತು ಇನ್ನೊಂದಕ್ಕೆ ತಗಲುವಂತೆ ಹಗ್ಗ ಸುತ್ತಿ, ಲಟ್ಟಣಿಗೆಯಿಂದ ಕುಟ್ಟಿ ಕುಟ್ಟಿ ಕೂಡಿಸಿದೆ. ತುದಿಯನ್ನು ಒಳಗೆ ತೂರಿಸಿ ಗಂಟು ಕಾಣದ ಹಾಗೆ ಮುಚ್ಚಿದೆ. ಈಗಿನ ಅಂಗಡಿಗಳಲ್ಲಿ ಬೆಕ್ಕಿಗೆಂದೇ ಕಂಬ ಸಿಗುತ್ತವಂತೆ, ಮಗಳು ಫೋನಿನಲ್ಲಿ ತೋರಿಸಿದಳು. ನನ್ನದು ಅವಕ್ಕಿಂತ ಚೆನ್ನಾಗಿದೆ.

ಗೋಡೆಗೆ ಆನಿಸಿ ನಿಲ್ಲಿಸಿದೆ. ಶೇಂಗವ್ವ ಒಂದೇ ಸಲ ಜಗ್ಗಿತು, ಒನಕೆ ಧಡಾರೆಂದು ಬಿತ್ತು. ಬೆಕ್ಕು ಮಂಚದ ಕೆಳಗೆ ಹೋದದ್ದು ಸಂಜೆಯವರೆಗೂ ಬರಲಿಲ್ಲ. ಆಗ ಅತ್ತೆ, "ಒಣಕಿ ಎಲ್ಲೆರ ಗ್ವಾಡಿಗೆ ನಿಂದರತೈತೇನವಾ? ಅದು ನಿಂದ್ರೂದು ಒಳ್ಳಿನಾಗ" ಎಂದರು. ಅವರು ಹೇಳಿದ್ದು ಹಂಗಿಸಲಿಕ್ಕೆ. ನಾನು ಆ ಮಾತನ್ನೇ ಹಿಡಿದುಕೊಂಡೆ. ಹಿತ್ತಲಲ್ಲಿ ಕುಟ್ಟುವ ಒರಳುಕಲ್ಲು ಬೋರಲಾಗಿ ಬಿದ್ದಿತ್ತು. ತಿರುವಿ, ತೊಳೆದು, ಅದರ ಕುಳಿಯಲ್ಲಿ ಒನಕೆ ನಿಲ್ಲಿಸಿ, ಸುತ್ತ ಮರದ ಬೆಣೆ ಬಡಿದು ಚಿಂದಿ ತುರುಕಿದೆ. ಆನೆ ಬಂದರೂ ಅಲುಗುತ್ತಿರಲಿಲ್ಲ.

ಆದರೆ ಹಿತ್ತಲಲ್ಲಿ ನಿಂತ ಅದನ್ನು ಶೇಂಗವ್ವ ತಿರುಗಿಯೂ ನೋಡಲಿಲ್ಲ. ಒಳಗೆ ಬಂದು ಕುರ್ಚಿಯನ್ನೇ ಹಿಡಿಯಿತು. ಆಗ ನನಗೆ ಪೂರ್ತಿ ತಿಳಿಯಿತು. ಅದಕ್ಕೆ ಬೇಕಾದದ್ದು ಪಡಸಾಲೆ. ನಾವು ಕೂರುವ, ಮಾತಾಡುವ, ನಮ್ಮ ಮೈಯ ವಾಸನೆ ಇರುವ ಜಾಗ. ಇದು ನನ್ನ ಮನೆ ಎಂದು ಗೆರೆ ಎಳೆಯುವವರು ಯಾರೂ ಹಿತ್ತಲಿಗೆ ಹೋಗಿ ಎಳೆಯುವುದಿಲ್ಲ.

ಒರಳು ಪಡಸಾಲೆಗೆ ಬರಬೇಕು ಎಂದಾಗ ಅತ್ತೆ ಕೂತಲ್ಲಿಂದ ಎದ್ದು ನಿಂತರು. ನಮ್ಮಲ್ಲಿ ಒನಕೆ ಒರಳುಗಳನ್ನು ಪಡಸಾಲೆಗೆ ತಂದು ನಿಲ್ಲಿಸುವುದು ಮದುವೆ ನಿಶ್ಚಯವಾದಾಗ. ಅರಿಸಿನ ಕುಂಕುಮ ಹಚ್ಚಿ, ಮುತ್ತೈದೆಯರು ಸೇರಿ ಕುಟ್ಟಿ, ಮದುವೆಯ ಕೆಲಸ ಆರಂಭಿಸುತ್ತಾರೆ.

"ಲಗ್ನಿಲ್ಲ, ಮುಂಜಿಲ್ಲ, ಅಜ್ಜಾರ ಮುಂದ ಒಣಕಿ ನಿಂದ್ರಸ್ತೀಯೇನು? ಕಂಡಾವ್ರು ಏನಂದಾರು?"

ನಾನು ಅತ್ತೆಗೆ ಇಷ್ಟುದ್ದ ಎದುರು ಮಾತಾಡಿದವಳಲ್ಲ. ಅಂದು ಮಾತ್ರ ಯಾರು ಬಾಯಿ ಬಿಡಿಸಿದರೋ ಗೊತ್ತಿಲ್ಲ. "ಅತ್ತಿ, ನಾ ಈ ಮನಿಗೆ ಬಂದಾಗ ಎಲ್ಲಿ ಕುಂದರಬೇಕು, ಎಲ್ಲಿ ನಿಂದರಬೇಕು ನನಗೂ ತಿಳೀತಿರಲಿಲ್ಲ. ಹಾಸಿದ ಜಮಖಾನಿ ತುಳದು ಬೈಸ್ಕೊಂಡೀನಿ. ಆದ್ರ ನೀವು ನನ್ನ ತವರಿಗೆ ಹೊಳ್ಳಿ ಕಳಸಲಿಲ್ಲ. ಕೈ ಹಿಡದು ಒಲಿ ಮುಂದ ಕುಂದ್ರಿಸಿ, ಇದು ನಿನ್ನ ಜಾಗಾ ಅಂದ್ರಿ. ಇದಕ್ಕೂ ಒಂದು ಜಾಗಾ ತೋರಿಸೋಣ್ರಿ. ಆಮ್ಯಾಲೂ ಕೇಳಲಿಲ್ಲಂದ್ರ ಚೀಲದ ಬಾಯಿ ನಾನ ಕಟ್ತೀನಿ."

ಅತ್ತೆ ಬಹಳ ಹೊತ್ತು ವಿಭೂತಿ ಕರಡಿಗೆಯ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. ಆಮೇಲೆ, "ಕಲ್ಲು ಒಳಗ ತರೂವಾಗ ಹೊಸ್ತಿಲಕ್ಕ ಬಡೀಬ್ಯಾಡ್ರಿ" ಎಂದರು. ಅಷ್ಟೇ ಸಾಕಿತ್ತು.

ಕುರ್ಚಿಯ ಮಗ್ಗುಲಲ್ಲೇ ನಿಲ್ಲಿಸಿದೆವು. ಇನ್ನು ಬೆಕ್ಕಿಗೆ ಅದು ಏನೆಂದು ತಿಳಿಸಬೇಕಲ್ಲ. ಪಾದ ಹಿಡಿದು ಉಜ್ಜಿಸಲು ಹೋದರೆ ಕೊಸರಿಕೊಂಡು ಓಡುತ್ತಿತ್ತು. ಹಾಗಾಗಿ ನಾನೇ ಒನಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯ ಉಗುರಿನಿಂದ ಹಗ್ಗವನ್ನು ಕರ ಕರ ಕೆರೆಯತೊಡಗಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, "ಅವ್ವಾ, ಮನ್ಯಾಗ ಈಗ ಎರಡು ಬೆಕ್ಕಾದುವು ನೋಡು" ಎಂದರು. ಅತ್ತೆ, "ದೊಡ್ಡದರ ಉಗುರು ಮದಲ ತಗಸು" ಎಂದರು. ನಗಲಿ. ಶೇಂಗವ್ವ ನಿದ್ದೆಯಿಂದ ಎದ್ದ ಕೂಡಲೇ ನನ್ನ ಪಕ್ಕಕ್ಕೆ ಬಂದು, ಸದ್ದು ಕೇಳಿ, ತಾನೂ ಒಂದು ಕೈ ಹಾಕಿತು. ಹಗ್ಗ ಉಗುರಿಗೆ ಕಚ್ಚಿಕೊಂಡಿತು, ಕಂಬ ಅಲುಗಲಿಲ್ಲ. ಇನ್ನೊಂದು ಕೈ ಹಾಕಿತು. ನಾನು ತೆಗೆದಿಟ್ಟಿದ್ದ ಹಾಲಿನ ಕೆನೆಯನ್ನು ಬೆರಳಲ್ಲಿ ನೆಕ್ಕಿಸಿದೆ. ಆಮೇಲೆ ಅದೇ ರೂಢಿಯಾಯಿತು. ಕಂಬ ಪರಚಿದರೆ ಕೆನೆ, ಹೊಗಳಿಕೆ. ಕುರ್ಚಿಯ ಕಡೆ ಹೊರಳಿದರೆ ಬೈಗುಳವಿಲ್ಲ, ಓಟವಿಲ್ಲ, ಸುಮ್ಮನೆ ಎತ್ತಿ ಕಂಬದ ಮುಂದೆ ಬಿಡುವುದು. ಅಜ್ಜಾರು ಬರುವ ಹೊತ್ತಿಗೆ ಕೆನೆ ಇಲ್ಲದೆಯೂ ಅಲ್ಲಿಗೇ ಹೋಗುತ್ತಿತ್ತು. ಆದರೆ ಮನೆಯವರ ಮುಂದೆ ಮಾಡುವುದು ಬೇರೆ, ಊರ ಮುಂದೆ ಮಾಡುವುದು ಬೇರೆ. ಅತ್ತೆ ಅಟ್ಟದಿಂದ ಇಳಿಸಿಕೊಂಡ ಚೀಲ ಇನ್ನೂ ಗೂಟಕ್ಕೆ ತೂಗಾಡುತ್ತಲೇ ಇತ್ತು.

ಪಾದಪೂಜೆಯ ದಿನ ಪಡಸಾಲೆ ತುಂಬಿತ್ತು. ಲಕ್ಷ್ಮೇಶ್ವರದಿಂದ ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ಬಂದಿದ್ದರು. ಹೊಸ್ತಿಲು ದಾಟಿದವರೇ ಒನಕೆ ನೋಡಿ ಅಲ್ಲೇ ನಿಂತರು. ಮುಖ ಬಾಡಿತು.

"ಆತಲ್ಲಕ್ಕಾ. ಮೊಮ್ಮಗಳ ಲಗ್ನ ಗೊತ್ತು ಮಾಡಿ ಒಣಕಿ ನಿಂದ್ರಿಸೀರಿ. ಒಡಹುಟ್ಟಿದಾಕಿಗೆ ಒಂದು ಖಬರ ಇಲ್ಲ."

ನಾವು ಬಾಯಿ ತೆರೆಯುವ ಮೊದಲೇ ಹತ್ತಿರ ಹೋಗಿ, ಕುಂಕುಮದ ಬಟ್ಟಲು ಎಳೆದುಕೊಂಡು, ಒನಕೆಯ ತಲೆಗೆ ಹಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅಡುಗೆಮನೆಯಿಂದ ತಾಟು ಹಿಡಿದು ಬಂದ ಮಗಳು, "ವರ ಯಾರು ಅಂತ ನನಗೂ ಹೇಳ್ರಿ ಅಜ್ಜಿ, ನನಗೂ ಖಬರ ಇಲ್ಲ" ಎಂದಳು. ಅಷ್ಟರಲ್ಲಿ ಅಜ್ಜಾರು ಬಂದರು. ಎಲ್ಲರೂ ಎದ್ದು ನಿಂತರು, ಅವರು ಕುರ್ಚಿಯಲ್ಲಿ ಕೂತರು, ಮಾತು ಅಲ್ಲಿಗೇ ನಿಂತಿತು. ಅತ್ತೆ ಹಿತ್ತಾಳೆಯ ತಾಟಿನಲ್ಲಿ ಅವರ ಪಾದ ಇರಿಸಿಕೊಂಡು ನೀರು ಎರೆಯತೊಡಗಿದರು. ಚಿಕ್ಕತ್ತೆಯ ಮುಖ ಇನ್ನೂ ಬಿಗಿದೇ ಇತ್ತು.

ಅದೇ ಹೊತ್ತಿಗೆ ಕಿಟಕಿಯ ಬಿಸಿಲಿನಲ್ಲಿ ಮಲಗಿದ್ದ ಶೇಂಗವ್ವ ಎದ್ದಿತು. ಬೆನ್ನು ಬಿಲ್ಲು ಮಾಡಿ, ಆಕಳಿಸಿ, ಜನರ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ಕುರ್ಚಿಯ ಕಡೆ ನಡೆಯಿತು. ಅತ್ತೆಯ ಕೈಯಲ್ಲಿನ ತಂಬಿಗೆ ಓರೆಯಾಗಿಯೇ ನಿಂತಿತು. ನಾನು ಮನಸ್ಸಿನಲ್ಲಿ ಶಿವನಿಗೆ ಏನು ಹೇಳಿದೆನೋ ನೆನಪಿಲ್ಲ, ಬಹುಶಃ ಅದರ ಹೆಸರನ್ನೇ ಹೇಳಿರಬೇಕು. ಬೆಕ್ಕು ಕುರ್ಚಿಯ ಕಾಲಿನ ಹತ್ತಿರ ಬಂತು. ಅಜ್ಜಾರ ಕಾವಿಯ ಅಂಚು ಮೂಸಿತು. ಪಕ್ಕಕ್ಕೆ ಸರಿಯಿತು. ಹಿಂಗಾಲಿನ ಮೇಲೆ ಎದ್ದು ನಿಂತು, ಹೊಸ ಕುಂಕುಮದ ಕೆಳಗೆ ಎರಡೂ ಕೈ ಚಾಚಿ, ಇಡೀ ಪಡಸಾಲೆಗೆ ಕೇಳುವಂತೆ ಒನಕೆಯ ಹಗ್ಗವನ್ನು ಕರ್‌ ಕರ್‌ ಎಂದು ಎಳೆಯಿತು.

ಚಿಕ್ಕತ್ತೆ ಮೆಲ್ಲಗೆ, "ಏನಕ್ಕಾ ಇದು?" ಎಂದರು.

"ಲಗ್ನದ್ದಲ್ಲ. ಬೆಕ್ಕಿಂದು" ಎಂದರು ಅತ್ತೆ.

"ಬೆಕ್ಕಿನ ಲಗ್ನ?"

ಮೊದಲು ನಕ್ಕವರು ಅಜ್ಜಾರು. ಅವರು ನಕ್ಕ ಮೇಲೆ ಉಳಿದವರಿಗೂ ಅಪ್ಪಣೆ ಸಿಕ್ಕಿತು. "ಅದಕ್ಕ ಅದರ ಕಾಯಕದ ಜಾಗಾ ತೋರಿಸೀರಿ, ಚಲೋ ಆತು. ಯಾರು ಕಲಿಸಿದ್ರು?" ಎಂದು ಕೇಳಿದರು.

ಅತ್ತೆ ತಂಬಿಗೆಯಿಂದ ಕಣ್ಣೆತ್ತದೆ, "ನಮ್ಮ ಸೊಸಿರಿ. ಶಿಗ್ಲಿಯಾಕಿ. ಹಗ್ಗನೂ ಆಕೀನ ಹೊಸದಾಳ" ಎಂದರು.

ಶಿಗ್ಲಿಯ ಹೆಸರನ್ನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಆ ದನಿಯಲ್ಲಿ ಕೇಳಿರಲಿಲ್ಲ. ನಾನು ಹೋಳಿಗೆ ಸುಡುವ ನೆಪ ಮಾಡಿ ಒಳಗೆ ಹೋದೆ. ಗೂಟದ ಚೀಲದಲ್ಲಿ ಮರುದಿನ ಅತ್ತೆ ಜೋಳ ತುಂಬಿ ಗಿರಣಿಗೆ ಕಳಿಸಿದರು.

ಮಗಳ ಮದುವೆ ಖರೆಯೇ ನಿಶ್ಚಯವಾದದ್ದು ಆಮೇಲೆ ಕೆಲವು ವರ್ಷಕ್ಕೆ, ಮುಂಡರಗಿಗೆ ಕೊಟ್ಟೆವು. ಒನಕೆ ಪೂಜೆಗೆ ಮುತ್ತೈದೆಯರು ಬಂದು ನಿಂತಾಗ ಅತ್ತೆ, "ನಮ್ಮ ಒಣಕಿ ಡ್ಯೂಟಿ ಮ್ಯಾಲ ಐತಿ, ಬಾಜೂ ಮನೀದು ತರ್ರಿ" ಎಂದುಬಿಟ್ಟರು. ಹಾಗೆ ನನ್ನ ಮಗಳು ಎರವಲು ಒನಕೆಯಲ್ಲಿ ಮದುವೆಯಾದಳು. ಚೆನ್ನಾಗಿದ್ದಾಳೆ. ಅದೂ ನನ್ನ ಸಂಜೆಯ ಲೆಕ್ಕದಲ್ಲಿ ದಿನಾ ಬರುತ್ತದೆ.

ಈಗ ಅತ್ತೆಗೆ ನಡೆಯುವುದು ಕಷ್ಟ. ಪಡಸಾಲೆಯ ಕಿಟಕಿಯ ಪಕ್ಕ ಅವರಿಗೆ ಮಂಚ ಹಾಕಿದ್ದೇವೆ. ಶೇಂಗವ್ವನಿಗೂ ವಯಸ್ಸಾಯಿತು, ಹಗಲೆಲ್ಲ ಅವರ ಕಾಲ ಬಳಿ ಮಲಗಿರುತ್ತದೆ. ಇವತ್ತು ಆ ಪೊರೆ ಸಿಕ್ಕಾಗ ನನಗೆ ಅನುಮಾನ ಬಂತು. ಕಂಬ ಇರುವುದು ಪಡಸಾಲೆಯ ಆ ತುದಿಗೆ. ಪೊರೆ ಮಂಚದ ಕೆಳಗೆ ಯಾಕೆ ಬಂತು? ಅತ್ತೆಯ ಕೌದಿ ಕೆಲವು ದಿನದಿಂದ ಒಂದೇ ಬದಿಗೆ ನೆಲ ಮುಟ್ಟುವಂತೆ ಇಳಿಬಿದ್ದಿರುತ್ತಿತ್ತು. ಎಷ್ಟು ಸಲ ಸರಿ ಮಾಡಿದರೂ ಮತ್ತೆ ಹಾಗೆಯೇ. ಇಂದು ಅದರ ಅಂಚು ಎತ್ತಿ ನೋಡಿದೆ. ಮಂಚದ ಕಾಲಿನ ಮೇಲೆ ಹಸಿ ಗೆರೆಗಳು, ಒಂದರ ಪಕ್ಕ ಒಂದು.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಅದು ನನ್ನ ಕೋಲು ಬಡದು ಆಗೈತಿ" ಎಂದರು.

"ಕೋಲಿಗೆ ಉಗುರು ಬಂದಾವೇನ್ರಿ ಅತ್ತಿ?"

ಅವರು ಬೆಕ್ಕಿನ ಬೆನ್ನಿನ ಮೇಲೆ ಕೈಯಿಟ್ಟು ಗೋಡೆಯ ಕಡೆ ಮುಖ ಮಾಡಿದರು. "ಅಷ್ಟು ದೂರ ಹೋಗಾಕ ಆಗವಲ್ದು ಅದಕ್ಕ. ಎದ್ದ ಕೂಡಲೆ ಕೈಗೆ ಸಿಗಬೇಕು. ಬೈಬ್ಯಾಡ" ಎಂದರು.

ನಾನು ಯಾಕೆ ಬೈಯಲಿ. ಮನೆಯವರನ್ನು ಕರೆದೆ. ಇಬ್ಬರೂ ಸೇರಿ ಒರಳುಕಲ್ಲನ್ನು ಇಂಚಿಂಚು ಹೊರಳಿಸುತ್ತ ಪಡಸಾಲೆಯ ಆ ತುದಿಯಿಂದ ಈ ತುದಿಗೆ ತಂದು, ಮಂಚದ ಮಗ್ಗುಲಿಗೆ ನಿಲ್ಲಿಸಿ, ಬೆಣೆ ಬಿಗಿ ಮಾಡಿದೆವು. ಅತ್ತೆ ಮಲಗಿದಲ್ಲಿಂದಲೇ ಕೈ ಚಾಚಿ ಒನಕೆಯನ್ನು ಹಿಡಿದು ಜಗ್ಗಿ ನೋಡಿದರು. ಅಲುಗಲಿಲ್ಲ.

"ಆತು," ಎಂದರು. "ಈಗ ಎಬ್ಬಸು ಅದನ್ನ."